ಬಂಗಾರದ ಹಲ್ಲಿನ ವರ

ಅಲ್ಮಾಸಬಿಯ ಲಗ್ನ ಗೊತ್ತಾಗಿದೆ ಎಂಬ ಖಬರು ಬೆಟಗೇರಿಯಿಂದ ಗದಗಿಗೆ ಬರಲು ಒಂದು ತಾಸು ಹಿಡಿಯಿತು. ನಡೆದರೆ ಅರ್ಧ ತಾಸಿನ ದಾರಿ. ಉಳಿದರ್ಧ ತಾಸು ಅದು ಚಹಾದಂಗಡಿಗಳಲ್ಲಿ ಕೂತು ಬಂದಿರಬೇಕು, ಯಾಕೆಂದರೆ ಪ್ರೆಸ್ಸಿನ ಬಾಗಿಲು ಮುಟ್ಟುವ ಹೊತ್ತಿಗೆ ವರನಿಗೆ ಒಂದು ಮೋಟಾರು ಬಂದಿತ್ತು, ಬಾಯಲ್ಲಿ ಒಂದು ಬಂಗಾರದ ಹಲ್ಲೂ ಮೂಡಿತ್ತು.

ಖಬರು ತಂದವನು ಪ್ರೆಸ್ಸಿನ ಟ್ರೆಡಲ್ ಮಷೀನು ತುಳಿಯುವ ಗಾಳೆಪ್ಪ. ಕೇಳಿಸಿಕೊಂಡವನು ಅಚ್ಚಿನ ಮೊಳೆ ಜೋಡಿಸುವ ಇಸಾಕ.

"ಬಣ್ಣದ ಬುಡ್ಡೇಸಾಬನ ಮಗಳದು ಲಗ್ನ ಗೊತ್ತಾತಂತಲೇ. ಬಿಜಾಪುರದ ಅತ್ತರಿನ ವ್ಯಾಪಾರಿ ಅಂತ. ಬಂಗಾರದ ಹಲ್ಲಂತ."

"ಎಷ್ಟು ಹಲ್ಲು?" ಎಂದ ಇಸಾಕ.

ಎದೆ ಒಡೆದ ಗಂಡಸು ಕೇಳುವ ಪ್ರಶ್ನೆ ಇದಲ್ಲ. ಆದರೆ ಬಾಯಿಗೆ ಬಂದದ್ದು ಅದೊಂದೇ. ಕೈಗಳು ಮಾತ್ರ ತಮ್ಮ ಪಾಡಿಗೆ ಮೊಳೆ ಹೆಕ್ಕುತ್ತಲೇ ಇದ್ದವು. ಹಾಗಾಗಿ ಆ ವಾರದ ಪತ್ರಿಕೆಯಲ್ಲಿ ಸಂಪಾದಕರ ಹೆಸರೂ ಕುರ್ತಕೋಟಿಯ ಒಂದು ಎಮ್ಮೆಯ ಜಾಹೀರಾತೂ ಜಾಗ ಬದಲಿಸಿಕೊಂಡವು. ಎಮ್ಮೆ ಕೊಳ್ಳಲು ಇಬ್ಬರು ಬಂದು ಸಂಪಾದಕರನ್ನು ಒಂದು ಸುತ್ತು ಹಾಕಿ ನೋಡಿ, ವಯಸ್ಸು ಜಾಸ್ತಿ ಎಂದು ಹೇಳಿ ಹೋದರು.

ಸಂಪಾದಕರು ಹೊಳೆಯಪ್ಪ ಮಾಸ್ತರರು. ಸಾಲಿಯಿಂದ ನಿವೃತ್ತರಾದ ಮೇಲೆ ಒಂದು ವಾರಪತ್ರಿಕೆ ನಡೆಸುತ್ತಿದ್ದರು. ಸೊಲ್ಲಾಪುರದ ಅವರ ಗೆಳೆಯನ ಪ್ರೆಸ್ಸಿಗೆ ಒಬ್ಬ ಕನ್ನಡ ಕಂಪೋಜಿಟರು ಬೇಕಾಗಿದ್ದ. ಹೋಗುತ್ತೀಯೋ ಇಲ್ಲವೋ ಶನಿವಾರದೊಳಗೆ ಹೇಳು ಎಂದು ಅವರು ಇಸಾಕನಿಗೆ ಹದಿನೈದು ದಿನದಿಂದ ಕೇಳುತ್ತಿದ್ದರು. ಅವನು ಹದಿನೈದು ದಿನದಿಂದ "ನೋಡೂಣ್ರಿ" ಎನ್ನುತ್ತಿದ್ದ. ಆ ಬುಧವಾರ ಅವನು ಎದ್ದು ಹೋಗಿ, ಯಾರೂ ಕೇಳದೆಯೇ, "ಹೋಗ್ತೀನ್ರಿ" ಎಂದ.

ರೈಲು ಶನಿವಾರ ನಾಲ್ಕು ಗಂಟೆಗೆ. ಅದು ಬಿಜಾಪುರದ ಮೇಲೆ ಹಾದೇ ಸೊಲ್ಲಾಪುರಕ್ಕೆ ಹೋಗಬೇಕು. ಆ ಸ್ಟೇಷನ್ನಿನಲ್ಲಿ ಕಿಟಕಿ ಹಾಕಿಕೊಳ್ಳಬೇಕೆಂದು ಇಸಾಕ ಅಲ್ಲೇ ನಿಶ್ಚಯ ಮಾಡಿದ.

ಇಷ್ಟಕ್ಕೆಲ್ಲ ಮೂಲ ಪ್ರೆಸ್ಸಿನ ಗೋಡೆಯ ಮೇಲಿದ್ದ ಒಂದು ಹಳೆಯ ನಕಾಶೆ.

ಅದರಲ್ಲಿ ಗದಗ, ಮುಂಡರಗಿ ಮುಂಬಯಿ ಸರಕಾರದ ಗುಲಾಬಿ ಬಣ್ಣದಲ್ಲಿದ್ದವು. ಲಕ್ಷ್ಮೇಶ್ವರ, ಶಿರಹಟ್ಟಿ ಸಂಸ್ಥಾನಗಳ ಹಳದಿ ಚುಕ್ಕೆಗಳಾಗಿದ್ದವು. ಮುಂಡರಗಿ ದಾಟಿದರೆ ನಿಜಾಮನ ಹಸಿರು. ಸಂಸ್ಥಾನಗಳು ಹೋಗಿ ಎಂಟು ವರ್ಷವಾಗಿತ್ತು. ಗೋಡೆಗೆ ಯಾರೂ ತಿಳಿಸಿರಲಿಲ್ಲ. ಲಕ್ಷ್ಮೇಶ್ವರದಲ್ಲಿದ್ದ ಇಸಾಕನ ತಾಯಿ ಈಗಲೂ ಬೇರೆ ಬಣ್ಣದಲ್ಲಿ ಅಡಿಗೆ ಮಾಡುತ್ತಿದ್ದಳು.

ಈಗ ಬರುವ ನವೆಂಬರ್ ಒಂದಕ್ಕೆ ಕನ್ನಡದ ಜಿಲ್ಲೆಗಳೆಲ್ಲ ಒಂದಾಗುವುದಿತ್ತು. ಮಾಸ್ತರರು ವಿಶೇಷ ಸಂಚಿಕೆ ತೆಗೆಯಲು ಹೊರಟರು. ನಡುಪುಟದಲ್ಲಿ ನಕಾಶೆ, ಇಡೀ ನಾಡು ಒಂದೇ ಬಣ್ಣ, ಆ ಬಣ್ಣ ನೀಲಿ. ಪ್ರೆಸ್ಸಿನಲ್ಲಿ ಇದ್ದದ್ದು ಕಪ್ಪು ಮತ್ತು ಕೆಂಪು ಶಾಯಿ ಮಾತ್ರ. ಬೆಟಗೇರಿಯ ಬುಡ್ಡೇಸಾಬನ ಹತ್ತಿರ ನೀಲಿಯ ಬಿಲ್ಲೆ ತಗೊಂಡು ಬಾ, ಅಗಸಿ ಎಣ್ಣೆಯಲ್ಲಿ ಅರೆದು ನೋಡೋಣ ಎಂದು ಇಸಾಕನನ್ನು ಕಳಿಸಿದರು.

ಬುಡ್ಡೇಸಾಬ ಹಳೇ ಕಾಲದ ಬಣ್ಣಗಾರ. ನೇಕಾರರ ನೂಲಿಗೆ, ಚಂದ್ರಕಾಳಿ ಸೀರೆಗೆ ನೀಲಿ ಹಾಕುವುದು ಅವನ ಮನೆತನದ ಕೆಲಸ. ಹಿತ್ತಲಲ್ಲಿ ನಾಲ್ಕು ಗುಡಾಣಗಳನ್ನು ಕುತ್ತಿಗೆಯ ತನಕ ಹುಗಿದಿದ್ದ. ಅವುಗಳಲ್ಲಿ ಸುಣ್ಣ, ಬೆಲ್ಲ, ತಗಚಿ ಬೀಜ ಹಾಕಿ ನೀಲಿಯನ್ನು ಹುಳಿ ಬರಿಸುತ್ತಿದ್ದ. ಇಸಾಕ ಹೋದಾಗ ಬುಡ್ಡೇಸಾಬ ಮನೆಯಲ್ಲಿರಲಿಲ್ಲ. ಅವನ ತಾಯಿ ಜನ್ನತಬಿ ಹೊರಸಿನ ಮೇಲೆ ಅಡಿಕೆ ಕುಟ್ಟುತ್ತಿದ್ದಳು. ಆಕೆಗೆ ಕಿವಿ ಕೇಳಿಸುವುದಿಲ್ಲವೆಂದು ಊರೆಲ್ಲ ಹೇಳುತ್ತಿತ್ತು. ಊರು ಹೇಳಿದ್ದೆಲ್ಲ ಆಕೆಗೆ ಕೇಳಿಸುತ್ತಿತ್ತು.

ಮೊಮ್ಮಗಳು ಅಲ್ಮಾಸಬಿ ಗುಡಾಣದ ಬಾಯಿಗೆ ಬಾಗಿದ್ದಳು. ಮೊಣಕೈ ತನಕ ನೀಲಿ. ಮುಂಗುರುಳನ್ನು ಭುಜದಿಂದ ಒರೆಸಿಕೊಂಡು ಅವಳು ಒಂದು ಅರಿವೆಯನ್ನು ಮೇಲೆತ್ತಿದಳು.

"ಇದು ಹಸರ ಐತಲ್ರಿ," ಎಂದ ಇಸಾಕ. "ನಮಗ ನೀಲಿ ಬೇಕಾಗಿತ್ತು."

ಅವಳು ಅವನ ಮುಖ ನೋಡಲಿಲ್ಲ. "ಹತ್ತು ಎಣಸ್ರಿ," ಎಂದಳು.

ಅವನು ಎಣಿಸಿದ. ಮೂರಕ್ಕೆ ಹಸಿರು ಹಿಂಜರಿಯಿತು. ಐದಕ್ಕೆ ಅಂಚಿನಿಂದ ನೀಲಿ ಹತ್ತಿಕೊಂಡಿತು, ಗಾಳಿಯೇ ಬಣ್ಣ ಬಳಿಯುತ್ತಿರುವ ಹಾಗೆ. ಆರಕ್ಕೆ ಅವಳು ತಲೆ ಎತ್ತಿದಳು. ಆರರ ನಂತರ ಯಾವ ಅಂಕಿ ಬರುತ್ತದೆಂದು ಇಸಾಕನಿಗೆ ಈವತ್ತಿಗೂ ಖಾತ್ರಿ ಇಲ್ಲ.

ಆಮೇಲೆ ಪ್ರೆಸ್ಸಿಗೆ ನೀಲಿ ಬಹಳ ಬೇಕಾಗತೊಡಗಿತು. ಒಮ್ಮೆ ಬಿಲ್ಲೆ ಒಡೆದಿದೆ ಎಂದು, ಒಮ್ಮೆ ಎಣ್ಣೆ ಬೆರೆಯುತ್ತಿಲ್ಲ ಎಂದು, ಒಮ್ಮೆ ಏನೂ ಕಾರಣ ನೆನಪಾಗದೆ ಸುಮ್ಮನೆ ಹೋಗಿ ನಿಂತ. ಅವಳು ಅವನನ್ನು ಕಂಪೋಜಿಟರ್ ಸಾಹೇಬರೆಂದು ಕರೆಯತೊಡಗಿದಳು. ಅವನ ಬೆರಳು ಸೀಸದಿಂದ ಕಪ್ಪು, ಅವಳ ಬೆರಳು ನೀಲಿ. ಇಬ್ಬರಲ್ಲಿ ಯಾರು ಹೆಚ್ಚು ತೊಳೆದುಕೊಳ್ಳುವುದಿಲ್ಲ ಎಂಬುದರ ಬಗ್ಗೆ ಬಹಳ ದಿನ ವಾದ ನಡೆಯಿತು.

ಅಕ್ಟೋಬರ್ ಮೊದಲಿಗೆ ಮಾಸ್ತರರು ಪತ್ರಿಕೆಯಲ್ಲಿ ಒಂದು ಒಗಟು ಹಾಕಿದರು. ಅವರಿಗೆ ಬಣ್ಣಗಳ ಚರಿತ್ರೆಯ ಹುಚ್ಚು, ಶಬ್ದಗಳ ಮೂಲ ಹುಡುಕುವ ಹುಚ್ಚು. ಎರಡನ್ನೂ ಕೂಡಿಸಿ ಕಲಸಿದ್ದರು. ಗೆದ್ದವರಿಗೆ ಬುಡ್ಡೇಸಾಬ ಬಣ್ಣ ಹಾಕಿದ ಒಂದು ಚಂದ್ರಕಾಳಿ ಸೀರೆ. ಪ್ರೆಸ್ಸಿನವರು ಭಾಗವಹಿಸುವಂತಿಲ್ಲ.

ಮೊಳೆ ಜೋಡಿಸುವಾಗಲೇ ಅದು ಇಸಾಕನ ತಲೆಗೆ ಹತ್ತಿತು. ಒದ್ದೆ ಪ್ರೂಫನ್ನು ಮಡಚಿಕೊಂಡು ಬೆಟಗೇರಿಗೆ ನಡೆದ. ಅಲ್ಮಾಸಬಿ ಏಳನೇ ಇಯತ್ತೆಯ ತನಕ ಓದಿದ್ದಳು. ಜೋರಾಗಿ ಓದಿದಳು:

*ಮೂವರು ಹೆಣ್ಣುಮಕ್ಕಳು ಹಡಗು ಹತ್ತಿದರು. ಮೊದಲನೆಯವಳು ಹುಳದ ಹೆಸರು ಹೊತ್ತು ರಾಣಿಯರ ಮೈಯೇರಿದಳು. ನಡುವಿನವಳು ಕಲ್ಲಾಗಿ ಹುಟ್ಟಿ ಆಕಾಶವಾದಳು. ದೂರದ ದಂಡೆಯಲ್ಲಿ ಇಳಿಯುವಾಗ ಹೆಸರಿನ ಮೊದಲಕ್ಷರ ನೀರಿಗೆ ಬಿತ್ತು. ಕೊನೆಯವಳನ್ನು ದೂರದವರು ನಮ್ಮ ದೇಶದ ಹೆಸರಿನಿಂದಲೇ ಕರೆದರು. ಅವಳು ಕಾಯಿಲೆ ಬಿದ್ದರೆ ಸುಳ್ಳು ಕುಡಿದು ಏಳುವಳು. ಮೂವರೂ ಯಾರು? ಕೊನೆಯವಳು ಕುಡಿಯುವ ಸುಳ್ಳು ಎಂಥದು?*

ಕೊನೆಯ ಸಾಲಿಗೆ ಬಂದಾಗ ಅವಳ ದನಿ ಸ್ವಲ್ಪ ಸಣ್ಣದಾಯಿತು. ಹೊರಸಿನ ಮೇಲೆ ಅಡಿಕೆ ಕುಟ್ಟುವುದು ನಿಂತಿತು. ಇಸಾಕ ಅದನ್ನು ಗಮನಿಸಲಿಲ್ಲ. ಅವನು ಅವಳು ಕಾಗದ ಹಿಡಿದ ಹೆಬ್ಬೆರಳನ್ನು ನೋಡುತ್ತಿದ್ದ. ಪ್ರೂಫು ತಿರುಗಿ ಕೈಗೆ ಬಂದಾಗ ಅದರ ಅಂಚಿನಲ್ಲಿ ಒಂದು ನೀಲಿ ಹೆಬ್ಬೆಟ್ಟು ಮೂಡಿತ್ತು. ಅಂದಿನಿಂದ ಅದು ಅವನ ಎದೆಯ ಜೇಬಿನಲ್ಲೇ ಇತ್ತು.

ಮೊದಲನೆಯವಳನ್ನು ಅವಳೇ ಹಿಡಿದಳು. ದಾದಿಯ, ಅಂದರೆ ಅಜ್ಜಿ ಜನ್ನತಬಿಯ, ಲಗ್ನದ ಓಢಣಿ ಕಿರಮಂಜಿ ಬಣ್ಣದ್ದು, ಅದು ಹುಳ ಅರೆದು ಮಾಡಿದ ಕೆಂಪು ಎಂದಳು. ಮಾಸ್ತರರ ದಪ್ಪ ಕೋಶದಲ್ಲಿ ಇಸಾಕ ಹುಡುಕಿದ. ಕೃಮಿ ಎಂದರೆ ಹುಳ. ಪಾರಸಿಯವರು ಅದನ್ನೇ ಕಿರ್ಮ್ ಎಂದರು, ಅರಬರು ಬಣ್ಣಕ್ಕೆ ಕಿರ್ಮಿಜ್ ಎಂದರು, ಇಂಗ್ಲಿಷರು ಕ್ರಿಮ್ಸನ್ ಎಂದರು. ಇದನ್ನು ಹೇಳಲು ಅವನು ಅರ್ಧ ತಾಸಿನ ದಾರಿಯನ್ನು ಹದಿನೈದು ನಿಮಿಷದಲ್ಲಿ ನಡೆದಿದ್ದ.

"ಹುಳಕ್ಕ ಇಷ್ಟು ಮರ್ಯಾದಿ ಐತೆಂತ ಗೊತ್ತಿರಲಿಲ್ಲ," ಎಂದಳು ಅವಳು. "ನಮ್ಮ ಹಿತ್ತಲಕ ದಿನಾ ಒಂದು ಬರ್ತೈತಿ. ಏನೂ ಹೇಳೂದಿಲ್ಲ, ನಿಂತು ಹೋಗ್ತೈತಿ."

ನಡುವಿನವಳು ಒಂದು ವಾರ ತಲೆ ತಿಂದಳು. ಕೊನೆಗೆ ಒಂದು ಮಧ್ಯಾಹ್ನ ಅಲ್ಮಾಸಬಿ ಆಕಾಶ ನೋಡುತ್ತ, ಈ ಬಣ್ಣಕ್ಕೆ ನಮ್ಮಲ್ಲಿ ಲಾಜವರ್ದಿ ಅಂತಾರೆ, ಅದೊಂದು ಕಲ್ಲಿನ ಹೆಸರು ಎಂದಳು. ಪ್ರೆಸ್ಸಿಗೆ ಬಂದ ಇಸಾಕ ಅದನ್ನು ಮೊಳೆಯಲ್ಲಿ ಜೋಡಿಸಿದ. ಅವಳ ವಿಚಾರದಲ್ಲಿ ಮೊದಲ ಮೊಳೆ ಜಾರಿ ನೆಲಕ್ಕೆ ಬಿತ್ತು. ಉಳಿದದ್ದನ್ನು ಓದಿದ. ಕೋಶ ತೆಗೆದ. ಆಕಾಶನೀಲಿಗೆ ಇಂಗ್ಲಿಷರ ಶಬ್ದ ಅಝೂರ್ ಅಲ್ಲಿ ಕೂತಿತ್ತು, ಲಾಜವರ್ದಿಯ ಮಗಳು, ತಲೆಯ ಮೇಲಿನ ಅಕ್ಷರ ಕಳಕೊಂಡವಳು.

ಕೊನೆಯವಳು ನೀಲಿ ಎಂಬುದು ಬೆಟಗೇರಿಯ ಆಡುಗಳಿಗೂ ಗೊತ್ತಿತ್ತು. ಇಂಡಿಯಾದಿಂದ ಬಂದವಳೆಂದು ಗ್ರೀಕರ ಕಾಲದಿಂದಲೂ ಅವಳಿಗೆ ಇಂಡಿಗೋ ಎಂದೇ ಹೆಸರು. ಆದರೆ ಸುಳ್ಳು ಕುಡಿಯುವುದೆಂದರೇನು?

ಅವಳನ್ನು ಕೇಳಿದರೆ ಅವಳು ಬೇರೇನೋ ಹೇಳಿದಳು. ತಾನು ಸಣ್ಣಾಕಿ ಇದ್ದಾಗ ಸಂಸ್ಥಾನದ ಆನೆಯೊಂದು ರೈಲಿನ ಗಾರ್ಡನ ಹಸಿರು ಬಾವುಟ ನುಂಗಿತ್ತಂತೆ. ಆ ಖಬರು ಬೆಟಗೇರಿಯಿಂದ ಹೊರಟು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲ ತಿರುಗಿ ನಾಲ್ಕನೇ ದಿನ ತಮ್ಮ ಬಾಗಿಲಿಗೇ ಬಂತಂತೆ. ಬರುವಾಗ ಆನೆ ರೈಲನ್ನೇ ನಡೆಸುತ್ತಿತ್ತಂತೆ.

"ಆ ವರ್ಷ ನಮ್ಮ ನೀಲಿ ಎಂಥಾದು ಆಗಿತ್ತಂದ್ರ, ಒಣಾ ಹಾಕಿದ ಸೀರಿ ನೋಡಿ ಕಾಗಿ ಕತ್ಲಾತಂತ ಗೂಡಿಗೆ ಹೋದ್ವು."

ಇಸಾಕ ನಕ್ಕ. ಅವಳು ನಗಲಿಲ್ಲ. ಅವನು ನಕ್ಕು ಮುಗಿಸುವ ತನಕ ಅವನನ್ನೇ ನೋಡುತ್ತಿದ್ದಳು.

ಲಗ್ನದ ಖಬರು ಬರುವ ಹಿಂದಿನ ದಿನ, ಮಂಗಳವಾರ, ಹಿತ್ತಲು ಬೇರೆಯೇ ಆಗಿತ್ತು. ನಾಲ್ಕೂ ಗುಡಾಣಗಳ ಮೇಲೆ ಗೋಣಿಚೀಲ ಮುಚ್ಚಿತ್ತು. ಕೊಳೆತ ವಾಸನೆ. ಹಗ್ಗದ ಮೇಲೆ ಒಂದು ಅರಿವೆಯೂ ಇಲ್ಲ. ಬುಡ್ಡೇಸಾಬ ಗೋಡೆಗೆ ಮುಖ ಮಾಡಿ ಕೂತಿದ್ದ. ಹಬ್ಬದ ಅರವತ್ತು ಸೀರೆ ಒಳಗೆ ಬಿಳಿಯಾಗಿ ಕೂತಿದ್ದವು. ಅಲ್ಮಾಸಬಿ ಇಸಾಕನನ್ನು ಬಾಗಿಲಲ್ಲೇ ನಿಲ್ಲಿಸಿದಳು.

"ಶನಿವಾರಕ್ಕ ಮಾಸ್ತರಿಗೆ ಏನ ಹೇಳಾವ್ರು?"

"ಗೊತ್ತಿಲ್ರಿ. ಯಾರರ ಹೋಗಬ್ಯಾಡ ಅಂದ್ರ ಹೋಗೂದಿಲ್ಲ."

"ಯಾರರ ಅಂದ್ರ ಯಾರು?"

ನೂರಾರು ಖಾನೆಗಳಲ್ಲಿ ಯಾವ ಮೊಳೆ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವ ಮನುಷ್ಯ ಅವನು. ಆಗ ಒಂದೇ ಒಂದು ಹೆಸರು ಸಿಗಲಿಲ್ಲ. ಸೀಸದ ಬೆರಳುಗಳನ್ನು ಅಂಗಿಗೆ ಒರೆಸಿಕೊಳ್ಳುತ್ತ ನಿಂತ.

ಅವಳು, ಒಗಟಿನ ಕೊನೆಯ ಸಾಲು ಜಲ್ದಿ ಬಿಡಿಸಿರಿ ಎಂದು ಹೇಳಿ ಬಾಗಿಲು ಎಳೆದುಕೊಂಡಳು. ಮರುದಿನ ಬಂಗಾರದ ಹಲ್ಲಿನ ಖಬರು ಬಂತು.

ಗುರುವಾರ ಇಸಾಕನ ಕಾಲು ನಿಲ್ಲಲಿಲ್ಲ. ಪ್ರೆಸ್ಸಿನಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಬೆಟಗೇರಿಗೆ, ಬೆಟಗೇರಿಯ ಮೂಲೆಯಿಂದ ತಿರುಗಿ ಪ್ರೆಸ್ಸಿಗೆ. ಮೂರನೇ ಸಲ ಅವಳ ಓಣಿಗೆ ಹೋದಾಗ ಅವಳು ಕಟ್ಟೆಯ ಮೇಲೆ ನಿಂತಿದ್ದಳು. ಓಣಿಯ ಹೆಂಗಸರು ಸುತ್ತ ನಿಂತು ವರನ ಮೋಟಾರಿನ ಬಣ್ಣ ಕೇಳುತ್ತಿದ್ದರು. ಎಲ್ಲರೆದುರಿಗೇ ಇಸಾಕ ಕೇಳಿದ, ಖರೇನ್ರಿ ಎಂದು.

ಅವಳ ತುಟಿ ಬಿಚ್ಚಿತು, ಮುಚ್ಚಿತು. ಒಳಗೆ ಜನ್ನತಬಿ ಅಡಿಕೆ ಕುಟ್ಟಿದಳು, ಒಂದೇ ಪೆಟ್ಟು.

"ಊರು ಅಂತೈತಲ್ರಿ," ಎಂದಳು ಅಲ್ಮಾಸಬಿ. ಕಣ್ಣು ಮಾತ್ರ ಅವನ ಎದೆಯ ಜೇಬಿನ ಮೇಲಿತ್ತು. "ನೀವು ಓದೂ ಮಂದಿ. ಓದ್ರಿ."

ಇದೇನು ಮಾತು? ಹೋಗುವವಳು ಹೋಗುವ ಮುಂಚೆ ಒಗಟಿನ ಚಿಂತೆ ಮಾಡುತ್ತಾಳೆಯೇ? ಇಸಾಕನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆ, ಬಾಗಿಲ ಸಂದಿಯಲ್ಲಿ ನಿಂತ ಮನುಷ್ಯನ ಹಾಗೆ, ಒಂದು ಅನುಮಾನವೂ ಬಂದು ನಿಂತಿತು. ಅವನು ಸಿಟ್ಟನ್ನು ಮಾತ್ರ ಒಳಗೆ ಕರೆದ.

ಶುಕ್ರವಾರ ತಾಯಿಗೆ ಹೇಳಿ ಬರಲು ಲಕ್ಷ್ಮೇಶ್ವರದ ಬಸ್ಸು ಹತ್ತಿದ. ಶಿರಹಟ್ಟಿಯಲ್ಲಿ ಒಬ್ಬಾಕೆ ಎಮ್ಮೆಯ ಹಿಂಡಿಯ ಚೀಲ ಹೊತ್ತು ಹತ್ತಿ, ಪಕ್ಕದವಳಿಗೆ ಬೆಟಗೇರಿಯ ಒಂದು ಲಗ್ನದ ಸುದ್ದಿ ಹೇಳತೊಡಗಿದಳು. ವರನಿಗೆ ಈಗ ಎರಡು ಮೋಟಾರಿದ್ದವು. ಮುಂದಿನ ಹಲ್ಲುಗಳೆಲ್ಲ ಬಂಗಾರವಾಗಿದ್ದವು. ನಗುವಾಗ ಕರಿ ಚಷ್ಮಾ ಇಲ್ಲದೆ ನೋಡಲು ಆಗುವುದಿಲ್ಲವಂತೆ. ಇಸಾಕ ಕಿಟಕಿಯ ಹೊರಗೆ ಎರೆಮಣ್ಣನ್ನು ನೋಡುತ್ತ ಕೂತ. ಬಸ್ಸು ನಿಂತಲ್ಲೆಲ್ಲ ಇಳಿದ, ಹತ್ತಿದ. ಕಂಡಕ್ಟರನು ಹೊಟ್ಟೆ ಸರಿ ಇಲ್ಲವೇ ಎಂದು ಕೇಳಿದ.

ಲಕ್ಷ್ಮೇಶ್ವರದಲ್ಲಿ ತಾಯಿ ಗೌಸಬಿ ರೊಟ್ಟಿ ಬಡಿಯುತ್ತಿದ್ದಳು. ಮಗ ಸೊಲ್ಲಾಪುರದ ಮಾತು ತೆಗೆಯುವ ಮೊದಲೇ ಅವಳು ಖಬರು ಹೇಳಿದಳು. ಮೂರು ಮೋಟಾರು. ವರ ನವಾಬರ ಕಡೆಯವನು. ಮೆರವಣಿಗೆಗೆ ಆನೆ ಬರುತ್ತದೆ.

"ಆನಿ ಎಲ್ಲಿಂದ ಬಂತಮ್ಮಾ?"

"ಯಾಕ, ಆನಿ ಇರಂಗಿಲ್ಲೇನು? ಹಿಂದಕ ರೈಲು ನಡಿಸಿದ ಆನಿ ಇರಲಿಲ್ಲ? ನಾ ಕಣ್ಣಾರೆ ನೋಡೇನಿ."

ಲಕ್ಷ್ಮೇಶ್ವರದಲ್ಲಿ ರೈಲೇ ಇರಲಿಲ್ಲ ಎಂಬುದನ್ನು ಇಸಾಕ ಎತ್ತಲಿಲ್ಲ. ಆ ಆನೆಯ ಸುದ್ದಿ ಮೊದಲು ಯಾರು ಹೇಳಿದ್ದು ಎಂದಷ್ಟೇ ಕೇಳಿದ. ಗೌಸಬಿ ರೊಟ್ಟಿ ತಿರುವಿ ಹಾಕಿ ನೆನೆಸಿಕೊಂಡಳು. ಬೆಟಗೇರಿಯ ಜನ್ನತಬಿ, ಬಣ್ಣಗಾರರಾಕೆ. ಸಂತೆಗೆ ಬಂದಾಗ ಹೇಳಿದ್ದಳು. ಪಾಪ, ಆ ವರ್ಷ ಅವರ ಗುಡಾಣವೆಲ್ಲ ಕೆಟ್ಟು ಹೋಗಿದ್ದವು.

ಇಸಾಕ ಎದ್ದು ನಿಂತ. ಕೂತ. ಮತ್ತೆ ಎದ್ದ.

ಗುಡಾಣ ಕೆಟ್ಟ ವರ್ಷ ಆನೆ ಹೊರಟಿತು. ಊರೂರು ತಿರುಗಿ ಬೇರೆಯಾಗಿ ಅದೇ ಬಾಗಿಲಿಗೆ ಬಂತು. ಆ ವರ್ಷದ ನೀಲಿಗೆ ಕಾಗೆಗಳು ಮೋಸಹೋದವು. ಮಂಗಳವಾರ ಗೋಣಿಚೀಲ ಮುಚ್ಚಿದ್ದವು. ಬುಧವಾರ ವರ ಹೊರಟ.

ಜೇಬಿನಿಂದ ಪ್ರೂಫು ತೆಗೆದು ಕೊನೆಯ ಸಾಲು ಓದಿದ. ನೀಲಿ ಹೆಬ್ಬೆಟ್ಟು ಅದರ ಪಕ್ಕದಲ್ಲೇ ಇತ್ತು. ಎಷ್ಟು ದಿನದಿಂದ ತೋರಿಸುತ್ತಿತ್ತೋ. ಗುಡಾಣ ಕೆಟ್ಟರೆ ಬಣ್ಣಗಾರರು ಒಂದು ಸುಳ್ಳು ಹೊರಡಿಸುತ್ತಾರೆ. ಅದು ಊರೂರು ತಿರುಗಿ, ಬೇರೆಯವರ ಬಾಯಿಂದ, ರೂಪ ಬದಲಿಸಿ, ತಿರುಗಿ ಮನೆ ಸೇರಿದಾಗ ನೀಲಿ ಏಳುತ್ತದೆ. ಅದಕ್ಕೆ ಮೊದಲು ಮನೆಯವರು ಅದನ್ನು ಸುಳ್ಳೆಂದು ಬಾಯಿ ಬಿಟ್ಟರೆ ಗುಡಾಣ ಸತ್ತಂತೆ. ಅದಕ್ಕೇ ಅವಳ ತುಟಿ ಬಿಚ್ಚಿ ಮುಚ್ಚಿದ್ದು. ಅರವತ್ತು ಸೀರೆ, ನಾಲ್ಕು ಗುಡಾಣ, ಅಪ್ಪನ ಬೆನ್ನು, ಎಲ್ಲ ಆ ತುಟಿಯ ಹಿಂದೆ ಇದ್ದವು.

ಈಗ ಅವನ ಚಡಪಡಿಕೆ ಇನ್ನೊಂದು ರೂಪ ತಾಳಿತು. ಲಗ್ನ ಸುಳ್ಳು, ಸರಿ. ಆದರೆ ನಾಳೆ ನಾಲ್ಕು ಗಂಟೆಯ ರೈಲು ಖರೆ. ತಾನು ಇನ್ನೂ ಆಡದ ಮಾತೂ ಖರೆ. ಹೋಗಿ ಸುಳ್ಳೆಂದು ಕೂಗುವ ಹಾಗಿಲ್ಲ, ಸುಮ್ಮನೆ ರೈಲು ಹತ್ತುವ ಹಾಗೂ ಇಲ್ಲ. ಅಂಗಳದಲ್ಲಿ ಹನ್ನೊಂದು ಸುತ್ತು ಹಾಕಿದ. ಹನ್ನೆರಡನೆಯದರಲ್ಲಿ ನಿಂತ.

"ಅಮ್ಮಾ, ನಾ ಒಂದು ಮಾತು ಹೇಳ್ತೀನಿ. ಅದನ್ನ ನೀ ತಿರಗಿ ನಂಗ ಹೇಳು."

ಗೌಸಬಿ ಕೇಳಿದಳು. ಹಿಟ್ಟಿನ ಕೈ ಹಣೆಗೆ ಒತ್ತಿಕೊಂಡಳು. ಮಗನ ಮುಖ ನೋಡಿದಳು, ಅವನ ಕೈಯ ಕಾಗದದ ಮೇಲಿನ ನೀಲಿ ಗುರುತು ನೋಡಿದಳು. ಆಮೇಲೆ ಅವನು ಹೇಳಿದ್ದನ್ನೇ, ಒಂದು ಅಕ್ಷರ ಬಿಡದೆ, ಸಂತೆಯ ಸುದ್ದಿಯ ಧಾಟಿಯಲ್ಲಿ ಅವನಿಗೇ ಹೇಳಿದಳು. ಕೊನೆಗೆ ತನ್ನದೊಂದು ಸೇರಿಸಿದಳು. ಸುದ್ದಿಯೆಂದ ಮೇಲೆ ಅಷ್ಟು ಹಕ್ಕು ಹೇಳುವವರಿಗೆ ಇದ್ದೇ ಇರುತ್ತದೆ.

ಶನಿವಾರ ಬಸ್ಸು ಮುಳಗುಂದದ ಹತ್ತಿರ ಕೆಟ್ಟು ನಿಂತಿತು. ಇಸಾಕ ಇಳಿದು ನಡೆದ. ಹಿಂದಿನಿಂದ ಬಂದ ಹತ್ತಿಯ ಚಕ್ಕಡಿ ಹತ್ತಿದ, ಎತ್ತು ನಿಧಾನವೆಂದು ಮತ್ತೆ ಇಳಿದ. ರಿಪೇರಿಯಾದ ಬಸ್ಸು ಅವನನ್ನು ದಾಟಿಕೊಂಡು ಹೋಯಿತು. ಬೆಟಗೇರಿ ಮುಟ್ಟಿದಾಗ ಮೂರೂವರೆ. ಮೈತುಂಬ ಎರೆಮಣ್ಣು, ಗಾಳೆಪ್ಪ ಕಂಡಿದ್ದರೆ ಬಿತ್ತನೆಗೆ ಹೋಗಿದ್ದೆಯಾ ಎನ್ನುತ್ತಿದ್ದ.

ಹಿತ್ತಲಲ್ಲಿ ಮೂವರೂ ಇದ್ದರು. ಗೋಡೆಗೆ ಮುಖ ಮಾಡಿದ ಬುಡ್ಡೇಸಾಬ, ಹೊರಸಿನ ಮೇಲೆ ಜನ್ನತಬಿ, ಮುಚ್ಚಿದ ಗುಡಾಣದ ಪಕ್ಕ ಅಲ್ಮಾಸಬಿ. ಅವಳ ಕೈಯ ನೀಲಿ ನಾಲ್ಕು ದಿನದಲ್ಲಿ ಮಾಸಿತ್ತು.

"ರೈಲಿಗೆ ಹೊತ್ತಾತಲ್ರಿ," ಎಂದಳು ಅವಳು. ಅಷ್ಟು ಹೇಳಲು ಅವಳು ಎರಡು ಸಲ ಉಸಿರು ಎಳೆದುಕೊಂಡಳು.

ಇಸಾಕ ಅವಳನ್ನು ನೋಡಲಿಲ್ಲ. ನೋಡಿದರೆ ಎಣಿಕೆ ತಪ್ಪುತ್ತದೆಂದು ಅವನಿಗೆ ಗೊತ್ತಿತ್ತು. ಬುಡ್ಡೇಸಾಬನ ಬೆನ್ನಿಗೇ ಹೇಳಿದ.

"ಚಾಚಾ, ಲಕ್ಷ್ಮೇಶ್ವರದಾಗ ಒಂದು ಖಬರ ಕೇಳಿ ಬಂದೇನಿ. ನಿಮ್ಮ ಮಗಳದು ಲಗ್ನ ಗೊತ್ತಾಗೇತಂತ."

"ಊರೆಲ್ಲಾ ಗೊತ್ತೈತಿ," ಎಂದಿತು ಬೆನ್ನು.

"ವರಗ ಮೋಟಾರ ಇಲ್ಲಂತ. ಹಲ್ಲು ಎಲ್ಲಾ ಹಲ್ಲಿಂದ ಅದಾವಂತ. ಗದಗಿನ ಪ್ರೆಸ್ಸಿನ್ಯಾಗ ಮೊಳಿ ಜೋಡಸ್ತಾನಂತ. ಭಾಳ ದಿನದಿಂದ ಹೇಳಬೇಕಂತಿದ್ನಂತ, ಹೇಳಾಕ ಬಾಯಿ ಬರಲಿಲ್ಲಂತ. ಹೆಸರು ಇಸಾಕ ಅಂತ."

ಅಡಿಕೆ ಕುಟ್ಟುವುದು ನಿಂತಿತು. ಬುಡ್ಡೇಸಾಬ ನಾಲ್ಕು ದಿನದಲ್ಲಿ ಮೊದಲ ಸಲ ಗೋಡೆ ಬಿಟ್ಟು ಈಚೆ ತಿರುಗಿದ. ಅಲ್ಮಾಸಬಿ ಸೆರಗಿನ ತುದಿಯನ್ನು ಬಾಯಲ್ಲಿ ಹಿಡಿದಿದ್ದಳು. ಅದರ ಹಿಂದೆ ನಗೆಯಿತ್ತೋ ಅಳುವಿತ್ತೋ ಕಾಣುವಂತಿರಲಿಲ್ಲ.

"ಯಾರ ಬಾಯಾಗ ಕೇಳಿದಿ?" ಎಂದಳು ಜನ್ನತಬಿ. ಕಿವಿ ಕೇಳಿಸದಾಕೆ.

"ನಮ್ಮ ಅಮ್ಮನ ಬಾಯಾಗ್ರಿ. ಹುಡಿಗಿ ಶಾಣ್ಯಾಕಿ, ಹುಡಗ ಸ್ವಲ್ಪ ದಡ್ಡ ಅಂತನೂ ಅಂದ್ಲು. ಅದು ಆಕಿ ಕೂಡಿಸಿದ್ದು."

ಮುದುಕಿ ಹೊರಸಿನಿಂದ ಇಳಿದಳು. ಯಾರ ಕೈಯನ್ನೂ ಹಿಡಿಯದೆ ನಾಲ್ಕನೇ ಗುಡಾಣದ ತನಕ ನಡೆದು ಗೋಣಿಚೀಲ ಎತ್ತಿದಳು. ಬಗ್ಗಿ ಮೂಸಿದಳು. ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ನೀರಿನ ಮೇಲೆ ತಾಮ್ರದ ಬಣ್ಣದ ಒಂದು ಕೆನೆ ಕಟ್ಟಿತ್ತು, ಅದರ ನಡುವೆ ನೀಲಿ ನೊರೆ ಮೊಗ್ಗಿನ ಹಾಗೆ ಎದ್ದಿತ್ತು.

ತಗಚಿ ಬೀಜ ಆ ಹೊತ್ತಿಗೆ ತಾನೇ ಹುಳಿ ಬಂದಿತ್ತು ಎನ್ನುವವರು ಇದ್ದಾರೆ. ಅಂಥವರು ಎಲ್ಲಾ ಊರಿನಲ್ಲಿ ಇರುತ್ತಾರೆ. ಅವರ ಮನೆಯ ಸೀರೆ ಎರಡು ಒಗೆತಕ್ಕೆ ಬಿಳಿಚುತ್ತದೆ.

ಅಲ್ಮಾಸಬಿ ಒಂದು ಅರಿವೆ ಅದ್ದಿ ಎತ್ತಿದಳು. ಹಸಿರು. ಅವಳು ಅದನ್ನು ಗಾಳಿಗೆ ಹಿಡಿದು ನಿಂತಳು, ಮತ್ತು ಮೆಲ್ಲಗೆ, ಅವನಿಗಷ್ಟೇ ಕೇಳುವ ಹಾಗೆ, ಎಣಿಸಿದಳು. ಏಳು, ಎಂಟು, ಒಂಬತ್ತು ಎಂದು ಅವಳ ಬಾಯಿಂದಲೇ ಅವನು ಮೊದಲ ಸಲ ಕೇಳಿದ. ಹತ್ತಕ್ಕೆ ಅದು ನೀಲಿಯಾಗಿತ್ತು. ದೂರದಲ್ಲಿ ಸೊಲ್ಲಾಪುರದ ರೈಲು ಕೂಗಿತು. ಯಾರೂ ತಿರುಗಿ ನೋಡಲಿಲ್ಲ.

ಬುಡ್ಡೇಸಾಬ ಗಂಟಲು ಸರಿಮಾಡಿಕೊಂಡ. ಗುಡಾಣ ಎದ್ದಿತು, ಸಂತೋಷ. ಆದರೆ ಈ ಖಬರನ್ನು ಈಗ ಏನು ಮಾಡುವುದು ಎಂದು ತಾಯಿಯನ್ನು ಕೇಳಿದ.

"ನೀಲಿ ಎದ್ದ ಮ್ಯಾಲ ಸುಳ್ಳು ಮನ್ಯಾಗ ಇಟಗೋಬಾರದು," ಎಂದಳು ಜನ್ನತಬಿ. "ಹೋದ ಊರಿಗೆಲ್ಲಾ ಹೋಗಿ ಸುಳ್ಳಂತ ಹೇಳಿ ಬರಬೇಕು. ಇಲ್ಲಾ ಖರೆ ಮಾಡಬೇಕು."

ಬುಡ್ಡೇಸಾಬ ವಿಚಾರ ಮಾಡಿದ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ. ಆನೆಯ ಸುದ್ದಿಯನ್ನು ಸುಳ್ಳೆಂದು ಹೇಳಿ ಬರಲು ಹೋದಾಗ ಮುಂಡರಗಿಯವರು ಅವನನ್ನೇ ಸುಳ್ಳನೆಂದು ಓಡಿಸಿದ್ದರು. ಅವನಿಗೆ ಮೊಣಕಾಲು ನೋವು ಬೇರೆ. ಇಸಾಕನನ್ನು ತಲೆಯಿಂದ ಕಾಲಿನವರೆಗೆ ನೋಡಿದ, ಬಣ್ಣಕ್ಕೆ ಬಂದ ಅರಿವೆಯನ್ನು ನೋಡುವ ಹಾಗೆ.

"ಬಸ್ಸಿನ ಧೂಳು ನನಗ ಆಗಿ ಬರಂಗಿಲ್ಲ," ಎಂದ ಕೊನೆಗೆ. "ನಿಮ್ಮಮ್ಮಗ ಬರಾಕ ಹೇಳು."

ಆಮೇಲೆ ಅವನೂ ಮುದುಕಿಯೂ ಒಳಗೆ ಹೋದರು. ಅರವತ್ತು ಸೀರೆ ಎಣಿಸಲು ಇಬ್ಬರು ಬೇಕೇ ಬೇಕು ಎಂದು ಮುದುಕಿ ಜೋರಾಗಿ ಹೇಳಿಕೊಂಡು ಹೋದಳು.

ಇಸಾಕ ಒಂದೇ ಮಾತು ಕೇಳಿದ. ಆ ಸುಳ್ಳು ಆರಿಸಿದ್ದು ದಾದಿಯೋ ಎಂದು.

ಅಲ್ಮಾಸಬಿ ಹಸಿ ನೀಲಿಯ ಕೈಯನ್ನು ಅವನ ಬಿಳಿ ಅಂಗಿಯ ಜೇಬಿನ ಮೇಲೆ ಇಟ್ಟಳು. ಎರೆಮಣ್ಣಿನ ಮೇಲೆ ಐದು ಬೆರಳು ಸ್ಪಷ್ಟವಾಗಿ ಮೂಡಿದವು.

"ದಾದಿ ಈ ಸಲ ಆನಿ ಬದ್ಲಿ ಒಂಟಿ ಬಿಡೂಣಂದ್ಲು. ನಾನ ಹಟಾ ಮಾಡಿ ವರನ್ನ ಬಿಟ್ಟೆ. ನಿಮ್ಮ ಬಾಯರ ತಗೀಲಿ ಅಂತ." ಅವಳ ದನಿ ಒಡೆಯಿತು. "ನೀವು ಸೊಲ್ಲಾಪುರಕ್ಕ ಹೂಂ ಅಂದೀರಂತ ಕೇಳಿದ ಮ್ಯಾಲ ಮೂರು ದಿನ ಕೂಳು ಇಳಿದಿಲ್ಲ ನಂಗ. ಸುಳ್ಳಂತ ಕೂಗಿಬಿಡ್ಲೇನು ಅನಿಸ್ತಿತ್ತು. ಗುಡಾಣ ಹಾಳಾಗಿ ಹೋಗ್ಲಿ ಅನಿಸ್ತಿತ್ತು."

ಅವನು ಆ ಕೈಯ ಮೇಲೆ ತನ್ನ ಸೀಸದ ಕೈ ಇಟ್ಟ. ಈ ಸಲ ಹೆಸರು ಹುಡುಕಲು ಯಾವ ಖಾನೆಗೂ ಹೋಗಬೇಕಾಗಲಿಲ್ಲ. ಅಲ್ಮಾಸ್ ಎಂದ. ಬಿ ಬಿಟ್ಟು, ಬರೀ ಅಲ್ಮಾಸ್.

ನವೆಂಬರ್ ಒಂದಕ್ಕೆ ನಕಾಶೆ ಒಂದೇ ನೀಲಿಯಲ್ಲಿ ಅಚ್ಚಾಯಿತು. ಗೌಸಬಿ ತಾನು ನಿಂತಲ್ಲೇ ಮಗನ ಬಣ್ಣಕ್ಕೆ ಬಂದಳು. ಸಂಪಾದಕರ ಹೆಸರೂ ಸಂಪಾದಕರ ಜಾಗದಲ್ಲೇ ಇತ್ತು.

ಒಗಟಿಗೆ ನೂರಾ ಹನ್ನೊಂದು ಉತ್ತರ ಬಂದಿದ್ದವು. ಕೊನೆಯ ಸಾಲಿನ ಅರ್ಥ ಬಿಡಿಸಿದ್ದು ಲಕ್ಷ್ಮೇಶ್ವರದ ಒಂದು ಕಾರ್ಡು ಮಾತ್ರ. ಸಹಿ ಗೌಸಬಿಯದು. ಗೌಸಬಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಕಾರ್ಡಿನ ಅಕ್ಷರಗಳು ಮಾತ್ರ ಕಂಪೋಜಿಟರನ ಸ್ಟಿಕ್ಕಿನಲ್ಲಿ ಮೊಳೆ ಜೋಡಿಸಿದ ಹಾಗೆ ಒಂದೇ ಅಂತರದಲ್ಲಿ ನಿಂತಿದ್ದವು. ಹೊಳೆಯಪ್ಪ ಮಾಸ್ತರರು ಕಾರ್ಡನ್ನು ಬಹಳ ಹೊತ್ತು ನೋಡಿ, ನಿನ್ನ ತಾಯಿ ಯಾವ ಪ್ರೆಸ್ಸಿನಲ್ಲಿ ಕೆಲಸ ಕಲಿತಳು ಎಂದಷ್ಟೇ ಕೇಳಿ ಸೀರೆ ಕಳಿಸಿಕೊಟ್ಟರು.

ಗೌಸಬಿ ಅದನ್ನು ಲಗ್ನದ ದಿನ ಸೊಸೆಯ ಮಡಿಲಿಗೆ ಹಾಕಿದಳು. ಅಲ್ಮಾಸಬಿ ಮಡಿಕೆ ಬಿಚ್ಚಿ ಅಂಚು ನೋಡಿದಳು. ಗುಡಾಣ ಎದ್ದ ದಿನ ತಾನೇ ಅದ್ದಿದ ಮೊದಲ ಸೀರೆ.

"ನಾನ ಅದ್ದಿದ್ದು ನನಗ ಮುಟ್ಟಾಕ ಇಷ್ಟೂರು ತಿರಗಬೇಕಾತು ನೋಡ್ರಿ," ಎಂದಳು ಗಂಡನಿಗೆ.

"ಮೋಟಾರ ಇಲ್ಲದ ವರ," ಎಂದ ಇಸಾಕ. "ತಡಾ ಆತು."